ಪಶುವೈದ್ಯರ ಔಷಧ ಚೀಟಿ: ಪಡೆಯುವ ಕ್ರಮ ಮತ್ತು ಪಾವತಿಯ ಲೆಕ್ಕ

ಹುಣಸೂರು ಉಪವಿಭಾಗದ ವ್ಯಾಪಾರ ವಹಿವಾಟಿನಲ್ಲಿ ಸಾಕುಪ್ರಾಣಿಗಳಿಗೂ ಒಂದು ಸ್ಥಾನವಿದೆ. ಹುಣಸೂರು ಮತ್ತು ಪಿರಿಯಾಪಟ್ಟಣಗಳ ತಂಬಾಕು ಉಗ್ರಾಣಗಳಲ್ಲಿ, ಕೃಷ್ಣರಾಜನಗರದ ಅಕ್ಕಿ ಗಿರಣಿಗಳಲ್ಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ತೋಟದ ಮನೆಗಳಲ್ಲಿ ರಾತ್ರಿಯ ಕಾವಲಿಗೆ ನಾಯಿಯನ್ನೂ ಇಲಿಗಳ ಕಾಟ ತಡೆಯಲು ಬೆಕ್ಕನ್ನೂ ಸಾಕುವುದು ಹಿಂದಿನಿಂದ ನಡೆದುಬಂದ ರೂಢಿ. ಇತ್ತೀಚಿನ ವರ್ಷಗಳಲ್ಲಿ ಪಟ್ಟಣದ ಮನೆಗಳಲ್ಲಿ ಪ್ರೀತಿಗಾಗಿ ನಾಯಿ ಸಾಕುವವರೂ ಹೆಚ್ಚಿದ್ದಾರೆ. ಇದರೊಂದಿಗೆ ಪ್ರಾಣಿಗಳ ಔಷಧಕ್ಕಾಗಿ ಮಾಡುವ ವೆಚ್ಚವೂ, ಔಷಧ ಅಂಗಡಿಗಳಲ್ಲಿ ಆ ಬಾಬಿನ ವ್ಯಾಪಾರವೂ ಬೆಳೆದಿದೆ.

ಆದರೆ ಈ ವ್ಯಾಪಾರದ ಬಹುಭಾಗ ಬಾಯಿಮಾತಿನಲ್ಲಿಯೇ ಮುಗಿಯುತ್ತಿರುವುದು ಕಳವಳದ ಸಂಗತಿ. ನಾಯಿಗೆ ಕಾಯಿಲೆಯಾದರೆ ಉಗ್ರಾಣದ ಹುಡುಗನ ಕೈಗೆ ಕಳೆದ ವರ್ಷದ ಖಾಲಿ ಮಾತ್ರೆ ಪಟ್ಟಿಯನ್ನು ಕೊಟ್ಟು ಔಷಧ ಅಂಗಡಿಗೆ ಕಳುಹಿಸಲಾಗುತ್ತದೆ. ಅಂಗಡಿಯವರು ಅಂಥದೇ ಇನ್ನೊಂದು ಪಟ್ಟಿಯನ್ನು ಕೊಟ್ಟು ಹಣ ಪಡೆಯುತ್ತಾರೆ. ಚೀಟಿಯೂ ಇಲ್ಲ, ರಶೀದಿಯೂ ಇಲ್ಲ. ಪ್ರಾಣಿ ಗುಣವಾದರೆ ಯಾರೂ ಕೇಳುವುದಿಲ್ಲ. ಗುಣವಾಗದೆ ಸತ್ತರೆ, ಯಾವ ಔಷಧ, ಎಷ್ಟು ಪ್ರಮಾಣ, ಯಾರ ಸಲಹೆಯಂತೆ ಕೊಡಲಾಯಿತು ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಅಂಗಡಿಯವರ ಪರವಾನಗಿಯೂ ಅಪಾಯಕ್ಕೆ ಸಿಲುಕುತ್ತದೆ.

ಆದುದರಿಂದ ಪಶುವೈದ್ಯರ ಔಷಧ ಚೀಟಿ ಎಂದರೇನು, ಅದನ್ನು ಯಾರಿಂದ ಹೇಗೆ ಪಡೆಯಬೇಕು, ಅದರಂತೆ ಔಷಧ ಕೊಳ್ಳುವಾಗ ಹಣವನ್ನು ಯಾವ ಯಾವ ಬಾಬಿಗೆ ಪಾವತಿ ಮಾಡಲಾಗುತ್ತದೆ ಎಂಬುದನ್ನು ಪ್ರಾಣಿ ಸಾಕುವ ವರ್ತಕರೂ ಔಷಧ ಮಾರುವ ವರ್ತಕರೂ ತಿಳಿದಿರುವುದು ಅವಶ್ಯಕ.

ಚೀಟಿ ಬರೆಯುವ ಅಧಿಕಾರ ಯಾರಿಗಿದೆ?

1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆಯ ಪ್ರಕಾರ ಪಶುವೈದ್ಯ ವೃತ್ತಿಯನ್ನು ನಡೆಸುವ ಹಕ್ಕು ನೋಂದಾಯಿತ ಪಶುವೈದ್ಯರಿಗೆ ಮಾತ್ರ ಇದೆ. ನಮ್ಮ ರಾಜ್ಯದಲ್ಲಿ ಈ ನೋಂದಣಿಯನ್ನು ಕರ್ನಾಟಕ ಪಶುವೈದ್ಯಕೀಯ ಪರಿಷತ್ತು ನಿರ್ವಹಿಸುತ್ತದೆ. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದ ಸಹಾಯಕ ಸಿಬ್ಬಂದಿಯು ರಾಜ್ಯ ಸರ್ಕಾರದ ಆದೇಶಕ್ಕೆ ಒಳಪಟ್ಟು, ನೋಂದಾಯಿತ ವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಸಣ್ಣಪುಟ್ಟ ಸೇವೆಗಳನ್ನು ಮಾತ್ರ ನೀಡಬಹುದು. ಗಾಯಕ್ಕೆ ಪಟ್ಟಿ ಕಟ್ಟುವುದು ಬೇರೆ, ರೋಗವನ್ನು ನಿರ್ಣಯಿಸಿ ಔಷಧವನ್ನು ಗೊತ್ತುಪಡಿಸುವುದು ಬೇರೆ. ಈ ಎರಡನೆಯ ಕೆಲಸ ವೈದ್ಯರದೇ.

1945ರ ಔಷಧ ಮತ್ತು ಕಾಂತಿವರ್ಧಕ ನಿಯಮಗಳೂ ಇದಕ್ಕೆ ಪೂರಕವಾಗಿವೆ. ಔಷಧ ಚೀಟಿ ಬರೆಯಬಲ್ಲ ವೈದ್ಯರು ಯಾರು ಎಂಬ ವ್ಯಾಖ್ಯೆಯಲ್ಲಿ, ಮಾನ್ಯ ವಿದ್ಯಾರ್ಹತೆಯುಳ್ಳ ಪಶುವೈದ್ಯರನ್ನೂ ಸೇರಿಸಲಾಗಿದೆ. ಆದುದರಿಂದ ಪಶುವೈದ್ಯರ ಚೀಟಿಯನ್ನು ಮನುಷ್ಯರ ಔಷಧ ಮಾರುವ ಅಂಗಡಿಯವರು "ಇದು ನಮಗೆ ಸಂಬಂಧಿಸಿದ್ದಲ್ಲ" ಎಂದು ತಳ್ಳಿಹಾಕಬೇಕಾದ ಕಾರಣವಿಲ್ಲ. ನಾಯಿ ಬೆಕ್ಕುಗಳಿಗೆ ವೈದ್ಯರು ಬರೆಯುವ ಅನೇಕ ಔಷಧಗಳು ಮನುಷ್ಯರಿಗಾಗಿ ತಯಾರಾದವುಗಳೇ ಆಗಿರುತ್ತವೆ. ಸಣ್ಣ ಪಟ್ಟಣಗಳಲ್ಲಿ ಇದು ಇನ್ನೂ ಹೆಚ್ಚು.

ಚೀಟಿಯಲ್ಲಿ ಏನೇನು ಇರಬೇಕು?

ಮೇಲೆ ಹೇಳಿದ ನಿಯಮಗಳ ಪೈಕಿ 65ನೆಯ ನಿಯಮವು ಔಷಧ ಚೀಟಿಯ ಸ್ವರೂಪವನ್ನು ನಿಗದಿಪಡಿಸಿದೆ. ಚೀಟಿಯು ಬರಹದಲ್ಲಿರಬೇಕು. ವೈದ್ಯರು ತಮ್ಮ ಎಂದಿನ ಸಹಿ ಮಾಡಿ ದಿನಾಂಕ ಹಾಕಬೇಕು. ಪ್ರಾಣಿಗಾಗಿ ಬರೆದ ಚೀಟಿಯಾದರೆ ಪ್ರಾಣಿಯ ಮಾಲೀಕರ ಹೆಸರು ಮತ್ತು ವಿಳಾಸ ಇರಬೇಕು. ಕೊಡಬೇಕಾದ ಔಷಧದ ಒಟ್ಟು ಪ್ರಮಾಣ ಮತ್ತು ಪ್ರತಿ ಸಲದ ಪ್ರಮಾಣವನ್ನು ನಮೂದಿಸಬೇಕು.

ಮಾಲೀಕರ ಹೆಸರು ವಿಳಾಸ ಬರೆಯುವುದು ಕೇವಲ ಔಪಚಾರಿಕ ಕ್ರಮವೆಂದು ತಿಳಿಯಬಾರದು. ಈ ಔಷಧ ಮನುಷ್ಯನ ಹೊಟ್ಟೆಗೆ ಹೋಗುತ್ತದೆಯೋ ಪ್ರಾಣಿಯ ಹೊಟ್ಟೆಗೆ ಹೋಗುತ್ತದೆಯೋ ಎಂಬುದು ಅಂಗಡಿಯವರಿಗೆ ಗೊತ್ತಾಗುವುದು ಅದರಿಂದಲೇ. ಬಾಯಿಮಾತಿನ ವ್ಯಾಪಾರದಲ್ಲಿ ಈ ತಿಳಿವಳಿಕೆಗೆ ಆಸ್ಪದವಿಲ್ಲ. ಇದರ ಪರಿಣಾಮವನ್ನು ಮುಂದೆ ನೋಡಬಹುದು.

ನಿಯಮವು ಕೇಳದಿದ್ದರೂ ಚೀಟಿಯಲ್ಲಿ ಇರಬೇಕಾದ ಮತ್ತೊಂದು ವಿವರವೆಂದರೆ ಪ್ರಾಣಿಯ ತೂಕ. ಪ್ರಾಣಿಗಳ ಔಷಧದ ಪ್ರಮಾಣವನ್ನು ಬಹುಮಟ್ಟಿಗೆ ಪ್ರತಿ ಕಿಲೋಗ್ರಾಂ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕ ಹಾಕಲಾಗುತ್ತದೆ. ಎರಡು ಕಿಲೋ ತೂಗುವ ಬೆಕ್ಕಿನ ಮರಿಗೂ ಮೂವತ್ತು ಕಿಲೋ ತೂಗುವ ಕಾವಲು ನಾಯಿಗೂ ಒಂದೇ ಮಾತ್ರೆ ಸಲ್ಲದು. ವರ್ತಕರಿಗೆ ಇಲ್ಲೊಂದು ಅನುಕೂಲವಿದೆ. ಅವರ ಅಂಗಡಿಯಲ್ಲಿಯೇ ತೂಕದ ಯಂತ್ರ ಇರುತ್ತದೆ. ನಾಯಿಯನ್ನು ಎತ್ತಿಕೊಂಡು ಒಮ್ಮೆ, ಬರಿಗೈಯಲ್ಲಿ ಒಮ್ಮೆ ತೂಗಿ ವ್ಯತ್ಯಾಸವನ್ನು ಬರೆದುಕೊಂಡು ಹೋದರೆ ವೈದ್ಯರು ಅಂದಾಜಿನ ಮೇಲೆ ಅವಲಂಬಿಸಬೇಕಾಗಿಲ್ಲ. ಇದರ ಜೊತೆಗೆ ಪ್ರಾಣಿಯ ವಯಸ್ಸು, ಗರ್ಭಾವಸ್ಥೆ, ಈಗಾಗಲೇ ಕೊಡುತ್ತಿರುವ ಔಷಧ, ಹಿಂದೆ ಯಾವುದಾದರೂ ಔಷಧ ಒಗ್ಗದೆ ಹೋದ ಸಂಗತಿ ಇವನ್ನೂ ತಿಳಿಸಬೇಕು.

ಔಷಧದ ವ್ಯಾಪಾರಿ ಹೆಸರಿನೊಂದಿಗೆ ಮೂಲದ್ರವ್ಯದ ಹೆಸರನ್ನೂ ಬರೆಯುವಂತೆ ವೈದ್ಯರನ್ನು ವಿನಂತಿಸುವುದು ಲೇಸು. ಇದಕ್ಕೆ ಬಲವಾದ ಕಾರಣವಿದೆ. ಅನುಸೂಚಿ ಎಚ್, ಎಚ್-1 ಮತ್ತು ಎಕ್ಸ್ ಔಷಧಗಳಲ್ಲಿ ಚೀಟಿಯಲ್ಲಿ ಬರೆದ ಔಷಧದ ಬದಲಿಗೆ, ಅದೇ ದ್ರವ್ಯವಿದ್ದರೂ ಸರಿಯೆ, ಬೇರೊಂದು ತಯಾರಿಕೆಯನ್ನು ಕೊಡಲು ಅಂಗಡಿಯವರಿಗೆ ಅವಕಾಶವಿಲ್ಲ. ಬರೆದ ಕಂಪನಿಯ ಔಷಧ ಕೃಷ್ಣರಾಜನಗರದಲ್ಲಿ ದೊರೆಯದಿದ್ದರೆ ಗಿರಾಕಿಯು ಸುಮಾರು 40 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಬೇಕಾಗುತ್ತದೆ. ಚೀಟಿ ಬರೆಯುವಾಗಲೇ "ಇದು ಸಿಗದಿದ್ದರೆ ಇಂಥದು" ಎಂದು ವೈದ್ಯರು ನಮೂದಿಸಿದರೆ ಈ ಅಲೆದಾಟ ತಪ್ಪುತ್ತದೆ.

ಅಂಗಡಿಯಲ್ಲಿ ಚೀಟಿಯ ನಡವಳಿಕೆ

ಎಲ್ಲ ಔಷಧಗಳಿಗೂ ಚೀಟಿ ಬೇಕೆಂದಿಲ್ಲ. ಖನಿಜ ಮಿಶ್ರಣ, ಮೈ ತೊಳೆಯುವ ಸಾಮಾನ್ಯ ಸಾಬೂನು ಮುಂತಾದವನ್ನು ನೇರವಾಗಿ ಕೊಳ್ಳಬಹುದು. ಆದರೆ ಹೆಚ್ಚಿನ ಜೀವಿರೋಧಕಗಳು, ಸ್ಟೆರಾಯ್ಡುಗಳು, ಅನೇಕ ನೋವು ನಿವಾರಕಗಳು, ಅಪಸ್ಮಾರ ಮತ್ತು ಹೃದ್ರೋಗದ ಔಷಧಗಳಿಗೆ ಚೀಟಿ ಕಡ್ಡಾಯ. ಇವನ್ನು ಮೂರು ವರ್ಗಗಳಾಗಿ ತಿಳಿಯಬಹುದು.

ಮೊದಲನೆಯದು ಅನುಸೂಚಿ ಎಚ್. ಇದರಲ್ಲಿನ ಔಷಧಗಳನ್ನು ಚೀಟಿ ಇದ್ದರೆ ಮಾತ್ರ ಚಿಲ್ಲರೆಯಾಗಿ ಮಾರಬಹುದು.

ಎರಡನೆಯದು 2013ರಲ್ಲಿ ಅಧಿಸೂಚಿತವಾಗಿ 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಅನುಸೂಚಿ ಎಚ್-1. ನಾಯಿಗಳಿಗೆ ಬರೆಯಲಾಗುವ ಸೆಫ್‌ಪೊಡಾಕ್ಸಿಮ್, ಸೆಫಿಕ್ಸಿಮ್, ಸೆಫ್‌ಟ್ರಯಾಕ್ಸೋನ್, ಟ್ರಾಮಡಾಲ್, ಡಯಾಜೆಪಾಮ್ ಮುಂತಾದವು ಈ ಪಟ್ಟಿಯಲ್ಲಿವೆ. ಇವುಗಳ ಮಾರಾಟವಾದಾಗ ಚೀಟಿ ಬರೆದವರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ ಮೂರು ವರ್ಷ ಕಾಯ್ದಿಡಬೇಕು.

ಮೂರನೆಯದು ಅನುಸೂಚಿ ಎಕ್ಸ್. ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಗೆ ಬಳಸುವ ಕೆಟಮೈನ್ ಇದರಲ್ಲಿ ಸೇರಿದೆ. ಇದಕ್ಕೆ ಚೀಟಿಯ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಸಾಮಾನ್ಯ ಗಿರಾಕಿಗೆ ಈ ವರ್ಗದ ಸಂಪರ್ಕ ಬರುವುದು ಅಪರೂಪ.

ಚೀಟಿಗೆ ಆಯುಷ್ಯವೂ ಉಂಟು. ಮತ್ತೊಮ್ಮೆ ಕೊಡಬಹುದೆಂದು ವೈದ್ಯರು ಸ್ಪಷ್ಟವಾಗಿ ಬರೆಯದಿದ್ದರೆ ಒಂದು ಚೀಟಿಯ ಮೇಲೆ ಒಂದೇ ಸಲ ಔಷಧ ಕೊಡಬೇಕು. ಇಷ್ಟು ಸಲ ಅಥವಾ ಇಷ್ಟು ದಿನಗಳಿಗೊಮ್ಮೆ ಎಂದು ಬರೆದಿದ್ದರೆ ಅದರಂತೆಯೇ ನಡೆಯಬೇಕು. ಔಷಧ ಕೊಟ್ಟಾಗ ವೈದ್ಯರ ಸಹಿಯ ಮೇಲ್ಭಾಗದಲ್ಲಿ ಅಂಗಡಿಯ ಹೆಸರು, ವಿಳಾಸ ಮತ್ತು ದಿನಾಂಕವನ್ನು ಗುರುತಿಸಬೇಕು. ಅಪಸ್ಮಾರವಿರುವ ನಾಯಿಯಂತೆ ತಿಂಗಳುಗಟ್ಟಲೆ ಔಷಧ ಬೇಕಾದ ಸಂದರ್ಭದಲ್ಲಿ "ಮೂರು ತಿಂಗಳ ಕಾಲ, ತಿಂಗಳಿಗೊಮ್ಮೆ" ಎಂದು ಬರೆಸಿಕೊಂಡರೆ ಪ್ರತಿ ತಿಂಗಳೂ ವೈದ್ಯರ ಬಳಿಗೆ ಹೋಗುವ ಖರ್ಚು ಉಳಿಯುತ್ತದೆ. ಅಂಗಡಿಯವರೂ ನಿಯಮದೊಳಗೆ ಇರುತ್ತಾರೆ.

ಮೊಬೈಲಿನಲ್ಲಿ ಚೀಟಿಯ ಚಿತ್ರ ಕಳುಹಿಸಿ ಔಷಧ ತರಿಸುವುದು ಈಗ ಸಾಮಾನ್ಯವಾಗಿದೆ. ಔಷಧ ದಾಸ್ತಾನಿದೆಯೇ ಎಂದು ವಿಚಾರಿಸಲು ಇದು ಅನುಕೂಲಕರ. ಆದರೆ ಚಿತ್ರದ ಮೇಲೆ ಅಂಗಡಿಯವರು ಗುರುತು ಹಾಕಲಾಗುವುದಿಲ್ಲ. ಒಂದೇ ಚಿತ್ರವನ್ನು ಹತ್ತು ಅಂಗಡಿಗಳಿಗೆ ಕಳುಹಿಸಬಹುದು. ಆದಕಾರಣ ಔಷಧ ಪಡೆಯುವಾಗ ಮೂಲ ಚೀಟಿಯನ್ನು ತೋರಿಸುವುದೇ ಸರಿಯಾದ ಕ್ರಮ.

ವೈದ್ಯರೇ ಔಷಧ ಕೊಡಬಹುದೇ?

ಕೊಡಬಹುದು. ತಮ್ಮಲ್ಲಿಗೆ ಬಂದ ರೋಗಿಗೆ ವೈದ್ಯರೇ ಔಷಧ ಒದಗಿಸುವುದಕ್ಕೆ ಅನುಸೂಚಿ ಕೆ ಅಡಿಯಲ್ಲಿ ಮಾರಾಟ ಪರವಾನಗಿಯಿಂದ ವಿನಾಯಿತಿ ಇದೆ. ಆದರೆ ಅವರು ತೆರೆದ ಅಂಗಡಿ ಇಟ್ಟಿರಬಾರದು ಮತ್ತು ಬಂದವರಿಗೆಲ್ಲ ಮಾರಬಾರದು. ಔಷಧವನ್ನು ಪರವಾನಗಿ ಪಡೆದ ವರ್ತಕರಿಂದ ಅಥವಾ ತಯಾರಕರಿಂದ ಮಾತ್ರ ಕೊಂಡು, ಬ್ಯಾಚ್ ಸಂಖ್ಯೆಯ ಸಹಿತ ಖರೀದಿಯ ದಾಖಲೆ ಇಡಬೇಕು. ತಮ್ಮ ರೋಗಿಯಲ್ಲದ ಪ್ರಾಣಿಗೆ ಹಾದಿಹೋಕರು ಕೇಳಿದ ಔಷಧವನ್ನು ವೈದ್ಯರು ಮಾರತೊಡಗಿದರೆ ಅದು ವ್ಯಾಪಾರವಾಗುತ್ತದೆ ಮತ್ತು ಪರವಾನಗಿ ಬೇಕಾಗುತ್ತದೆ.

ಹೀಗೆ ಮಾಲೀಕರ ಮುಂದೆ ಎರಡು ದಾರಿಗಳಿವೆ. ಒಂದು, ಚಿಕಿತ್ಸಾಲಯದಲ್ಲಿಯೇ ಔಷಧ ಪಡೆಯುವುದು. ಇನ್ನೊಂದು, ಚೀಟಿ ಪಡೆದು ಹೊರಗೆ ಕೊಳ್ಳುವುದು. ತುರ್ತು ಸಂದರ್ಭದಲ್ಲಿ ಮೊದಲನೆಯದೇ ಯೋಗ್ಯ. ದೀರ್ಘಕಾಲದ ಔಷಧಕ್ಕೆ ಎರಡನೆಯದು ಮಿತವ್ಯಯಕರವಾಗಬಹುದು. ಚಿಕಿತ್ಸಾಲಯದಲ್ಲಿ ಔಷಧ ಪಡೆದರೂ ಅದರ ಹೆಸರು ಮತ್ತು ಪ್ರಮಾಣವನ್ನು ಬರೆಸಿಕೊಳ್ಳಲು ಮರೆಯಬಾರದು. ರಾತ್ರಿ ವೇಳೆ ಪ್ರಾಣಿಯ ಸ್ಥಿತಿ ಬಿಗಡಾಯಿಸಿ ಇನ್ನೊಬ್ಬ ವೈದ್ಯರನ್ನು ಕಾಣಬೇಕಾದಾಗ ಆ ಬರಹವೇ ಆಧಾರವಾಗುತ್ತದೆ.

ಬ್ರಿಟನ್ನಿನಲ್ಲಿ ಈ ಎರಡನೆಯ ದಾರಿ ಸಾರ್ವಜನಿಕ ಚರ್ಚೆಯ ವಿಷಯವಾಗಿದೆ. ಅಲ್ಲಿ ಚೀಟಿ ಬರೆದುಕೊಡಲು ಪಶುವೈದ್ಯರು ಪ್ರತ್ಯೇಕ ಶುಲ್ಕ ಪಡೆಯುತ್ತಾರೆ. ಆ ದೇಶದ ಸ್ಪರ್ಧಾ ಪ್ರಾಧಿಕಾರವು 2025ರ ಅಕ್ಟೋಬರಿನ ತಾತ್ಕಾಲಿಕ ನಿರ್ಣಯದಲ್ಲಿ ಈ ಶುಲ್ಕಕ್ಕೆ 16 ಪೌಂಡುಗಳ ಮಿತಿಯನ್ನು ಸೂಚಿಸಿತು. ನಮ್ಮಲ್ಲಿ ಚೀಟಿಯು ಸಾಮಾನ್ಯವಾಗಿ ತಪಾಸಣಾ ಶುಲ್ಕದಲ್ಲಿಯೇ ಸೇರಿರುತ್ತದೆ. ಕೇಳಿ ಪಡೆಯುವ ಅಭ್ಯಾಸವೊಂದೇ ನಮಗೆ ಬೇಕಾದುದು.

ಪಾವತಿಯ ಲೆಕ್ಕ

ಪ್ರಾಣಿಯ ಚಿಕಿತ್ಸೆಗೆ ಕೊಡುವ ಹಣದಲ್ಲಿ ಸಾಮಾನ್ಯವಾಗಿ ಮೂರು ಬಾಬುಗಳಿರುತ್ತವೆ: ವೈದ್ಯರ ತಪಾಸಣೆ ಮತ್ತು ಸೇವೆಯ ಶುಲ್ಕ, ಅಲ್ಲಿಯೇ ಬಳಸಿದ ಚುಚ್ಚುಮದ್ದು ಮುಂತಾದವುಗಳ ಬೆಲೆ, ಮನೆಗೆ ಒಯ್ಯುವ ಔಷಧದ ಬೆಲೆ. ಒಟ್ಟು ಮೊತ್ತವನ್ನು ಮಾತ್ರ ಹೇಳಿದಾಗ ಗಿರಾಕಿಗೆ ದುಬಾರಿಯೆನಿಸುತ್ತದೆ. ಬಾಬುವಾರು ಬರೆದುಕೊಟ್ಟರೆ ಸಂಶಯಕ್ಕೆ ಎಡೆಯಿರುವುದಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ಈ ವಿಂಗಡಣೆ ಮುಖ್ಯ. ಪ್ರಾಣಿ ಪಕ್ಷಿಗಳ ಆರೋಗ್ಯ ರಕ್ಷಣೆಗೆ ಸಂಬಂಧಿಸಿ ಪಶು ಚಿಕಿತ್ಸಾಲಯವು ನೀಡುವ ಸೇವೆಗೆ 2017ರ ಅಧಿಸೂಚನೆಯ ಮೇರೆಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇದೆ. ಅಂಗಡಿಯಲ್ಲಿ ಮಾರುವ ಔಷಧಕ್ಕೆ ವಿನಾಯಿತಿ ಇಲ್ಲ. ಹೆಚ್ಚಿನ ಔಷಧಗಳ ಮೇಲೆ ಶೇಕಡ 12ರಷ್ಟಿದ್ದ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡ 5ಕ್ಕೆ ಇಳಿಸಲಾಗಿದೆ. ಆ ದಿನಾಂಕಕ್ಕೆ ಮುಂಚಿನ ಬೆಲೆ ಮುದ್ರಿತವಾದ ಸರಕು ದಾಸ್ತಾನಿನಲ್ಲಿ ಉಳಿದಿದ್ದರೆ ತಯಾರಕರ ಪರಿಷ್ಕೃತ ದರಪಟ್ಟಿಯಂತೆ ಕಡಿಮೆ ಬೆಲೆಗೆ ಮಾರಬೇಕು. ಮುದ್ರಿತ ಬೆಲೆಯನ್ನು ತೋರಿಸಿ ಹೆಚ್ಚು ಪಡೆಯುವುದು ಸಲ್ಲದು.

ಗರಿಷ್ಠ ಚಿಲ್ಲರೆ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದರ ಮೇಲೆ ಮತ್ತೆ ತೆರಿಗೆ ಕೂಡಿಸುವಂತಿಲ್ಲ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲಿ ಔಷಧವೆಂದರೆ ಮನುಷ್ಯರ ಔಷಧ ಮಾತ್ರವಲ್ಲ, ಪ್ರಾಣಿಗಳ ಔಷಧವೂ ಸೇರುತ್ತದೆ. ಬಿಡಿಯಾಗಿ ಮಾರಿದಾಗಲೂ ಇಡೀ ಪಟ್ಟಿಯ ಬೆಲೆಯ ಪ್ರಮಾಣಕ್ಕಿಂತ ಹೆಚ್ಚು ಪಡೆಯಬಾರದೆಂದು ಆ ಆದೇಶ ಹೇಳುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. 25 ಕಿಲೋ ತೂಕದ ನಾಯಿಗೆ ಪ್ರತಿ ಕಿಲೋಗ್ರಾಮಿಗೆ 10 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ಏಳು ದಿನ ಕೊಡಬೇಕೆಂದು ವೈದ್ಯರು ನಿರ್ಧರಿಸಿದರೆಂದು ಇಟ್ಟುಕೊಳ್ಳೋಣ. ಒಂದು ಸಲಕ್ಕೆ 250 ಮಿಲಿಗ್ರಾಂ, ಅಂದರೆ 250 ಮಿಲಿಗ್ರಾಮಿನ ಒಂದು ಮಾತ್ರೆ. ಒಟ್ಟು 14 ಮಾತ್ರೆಗಳು. ಹತ್ತು ಮಾತ್ರೆಗಳ ಪಟ್ಟಿಯ ಗರಿಷ್ಠ ಬೆಲೆ 105 ರೂಪಾಯಿಯಾದರೆ ಮಾತ್ರೆಯೊಂದಕ್ಕೆ 10 ರೂಪಾಯಿ 50 ಪೈಸೆ. ಹದಿನಾಲ್ಕಕ್ಕೆ 147 ರೂಪಾಯಿ. ಇದರಲ್ಲಿ 140 ರೂಪಾಯಿ ಔಷಧದ ಮೌಲ್ಯ, 7 ರೂಪಾಯಿ ತೆರಿಗೆ. ತಪಾಸಣಾ ಶುಲ್ಕ 250 ರೂಪಾಯಿ ಎಂದಾದರೆ ಅದರ ಮೇಲೆ ತೆರಿಗೆ ಇಲ್ಲ. ಒಟ್ಟು ವೆಚ್ಚ 397 ರೂಪಾಯಿ. ಚೀಟಿಯಲ್ಲಿ ಒಟ್ಟು ಪ್ರಮಾಣ ಬರೆಯದಿದ್ದರೆ ಗಿರಾಕಿಯು ಒಂದು ಪಟ್ಟಿ ಕೊಂಡು ಐದನೆಯ ದಿನಕ್ಕೆ ಚಿಕಿತ್ಸೆಯನ್ನು ನಿಲ್ಲಿಸಬಹುದು, ಅಥವಾ ಎರಡು ಪಟ್ಟಿ ಕೊಂಡು ಆರು ಮಾತ್ರೆಗಳನ್ನು ಮುಂದಿನ ಸ್ವಚಿಕಿತ್ಸೆಗೆ ಎತ್ತಿಡಬಹುದು. ಎರಡೂ ತಪ್ಪು.

ರಶೀದಿಯ ವಿಷಯದಲ್ಲಿ ಕೆಲವರು, 200 ರೂಪಾಯಿಗಿಂತ ಕಡಿಮೆ ಮೊತ್ತಕ್ಕೆ ರಶೀದಿ ಬೇಡವೆಂದು ಭಾವಿಸಿದ್ದಾರೆ. ತೆರಿಗೆ ಕಾನೂನಿನಲ್ಲಿ ನೋಂದಣಿಯಿಲ್ಲದ ಗಿರಾಕಿ ಕೇಳದಿದ್ದರೆ ಮಾತ್ರ ಅಂಥ ಸಣ್ಣ ಮಾರಾಟಕ್ಕೆ ಪ್ರತ್ಯೇಕ ತೆರಿಗೆ ರಶೀದಿ ಬೇಡ. ಗಿರಾಕಿ ಕೇಳಿದರೆ ಕೊಡಲೇಬೇಕು. ಇದಲ್ಲದೆ ಔಷಧ ನಿಯಮಗಳ ಅಡಿಯಲ್ಲಿ ಚೀಟಿಯ ಔಷಧದ ಮಾರಾಟಕ್ಕೆ ಇಡಬೇಕಾದ ದಾಖಲೆ ಬೇರೆಯೇ ಇದೆ. ಅದಕ್ಕೆ ಈ 200 ರೂಪಾಯಿಯ ರಿಯಾಯಿತಿ ಅನ್ವಯಿಸದು. ಮೊಬೈಲಿನ ಮೂಲಕ ಹಣ ಕೊಟ್ಟಾಗ ಬರುವ ಸಂದೇಶವೂ ರಶೀದಿಯಲ್ಲ. ಅದರಲ್ಲಿ ಮೊತ್ತವಿರುತ್ತದೆ, ಔಷಧದ ಹೆಸರಾಗಲಿ ಬ್ಯಾಚ್ ಸಂಖ್ಯೆಯಾಗಲಿ ಇರುವುದಿಲ್ಲ.

ಔಷಧದ ಗುಣಮಟ್ಟದಲ್ಲಿ ಸಂಶಯ ಬಂದರೆ, 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೆಯ ಪ್ರಕರಣದಂತೆ, ಕೊಂಡ ವ್ಯಕ್ತಿಯೇ ನಿಗದಿತ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರ ಪರೀಕ್ಷೆಗೆ ಕಳುಹಿಸಬಹುದು. ಹಣ ಕೊಟ್ಟು ಪಡೆದ ಸೇವೆಯಲ್ಲಿ ನ್ಯೂನತೆ ಕಂಡರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಅಡಿ ಜಿಲ್ಲಾ ಆಯೋಗದ ಮುಂದೆ ಹೋಗಬಹುದು. ಈ ಎರಡಕ್ಕೂ ರಶೀದಿಯೇ ಮೊದಲ ಸಾಕ್ಷ್ಯ. ಉಗ್ರಾಣದ ಕಾವಲಿಗೆ ಸಾಕಿದ ನಾಯಿಯ ಚಿಕಿತ್ಸಾ ವೆಚ್ಚವನ್ನು ವ್ಯಾಪಾರದ ಲೆಕ್ಕದಲ್ಲಿ ತೋರಿಸಬೇಕೆನ್ನುವ ವರ್ತಕರು ತಮ್ಮ ಲೆಕ್ಕ ಪರಿಶೋಧಕರನ್ನು ಕೇಳಿದಾಗ ಅವರು ಮೊದಲು ಕೇಳುವುದೂ ಆ ಕಾಗದವನ್ನೇ.

ಸರ್ಕಾರಿ ಸೌಲಭ್ಯ

ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಆಸ್ಪತ್ರೆಗಳು ತಾಲ್ಲೂಕು ಕೇಂದ್ರಗಳಲ್ಲಿ ಇವೆ. ದನ, ಎಮ್ಮೆ, ಕುರಿ, ಮೇಕೆಗಳೇ ಇವುಗಳ ಮುಖ್ಯ ಹೊಣೆಯಾದ್ದರಿಂದ ಅಲ್ಲಿನ ಔಷಧ ದಾಸ್ತಾನೂ ಅವುಗಳಿಗೆ ತಕ್ಕಂತೆ ಇರುತ್ತದೆ. ನಾಯಿ ಬೆಕ್ಕುಗಳಿಗೆ ಬೇಕಾದ ಕೆಲವು ಔಷಧಗಳನ್ನು ವೈದ್ಯರು ಹೊರಗೆ ಬರೆದುಕೊಡುವುದು ಈ ಕಾರಣದಿಂದಲೇ. ಆಸ್ಪತ್ರೆಗೆ ಕಟ್ಟಿದ ಶುಲ್ಕಕ್ಕೆ ಸರ್ಕಾರಿ ರಶೀದಿಯನ್ನು ಕೇಳಿ ಪಡೆಯಬೇಕು. ಜಾನುವಾರುಗಳ ತುರ್ತು ಚಿಕಿತ್ಸೆಗೆ 1962 ಸಂಖ್ಯೆಯ ಸಹಾಯವಾಣಿಯ ಮೂಲಕ ಸಂಚಾರಿ ಪಶು ಚಿಕಿತ್ಸಾಲಯವನ್ನು ಕರೆಯಬಹುದು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಉಚಿತ ಲಸಿಕಾ ಶಿಬಿರಗಳು ನಡೆಯುವುದುಂಟು. ಲಸಿಕೆ ಹಾಕಿಸಿದಾಗ ಬ್ಯಾಚ್ ಸಂಖ್ಯೆ ಮತ್ತು ದಿನಾಂಕವನ್ನು ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ನಾಯಿ ಯಾರನ್ನಾದರೂ ಕಚ್ಚಿದರೆ ಕೇಳಲಾಗುವ ಮೊದಲ ದಾಖಲೆ ಅದು.

ಬೆಲೆಯ ಭಾರವನ್ನು ಇಳಿಸುವ ಪ್ರಯತ್ನವೂ ನಡೆದಿದೆ. 2025ರ ಮಾರ್ಚ್ 5ರಂದು ಕೇಂದ್ರ ಸಚಿವ ಸಂಪುಟವು ಜಾನುವಾರು ಆರೋಗ್ಯ ಮತ್ತು ರೋಗ ನಿಯಂತ್ರಣ ಕಾರ್ಯಕ್ರಮದ ಪರಿಷ್ಕರಣೆಗೆ ಒಪ್ಪಿಗೆ ನೀಡಿ "ಪಶು ಔಷಧಿ" ಎಂಬ ಹೊಸ ಅಂಗವನ್ನು ಸೇರಿಸಿತು. ಪ್ರಧಾನಮಂತ್ರಿ ಕಿಸಾನ್ ಸಮೃದ್ಧಿ ಕೇಂದ್ರಗಳು ಮತ್ತು ಸಹಕಾರ ಸಂಘಗಳ ಮೂಲಕ ಜೆನೆರಿಕ್ ಪಶು ಔಷಧಗಳನ್ನು ಒದಗಿಸುವುದು ಇದರ ಉದ್ದೇಶ. ಇದಕ್ಕಾಗಿ 75 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಲಾಯಿತು. ಮೂಲದ್ರವ್ಯದ ಹೆಸರಿನಲ್ಲಿ ಚೀಟಿ ಬರೆಯುವ ಪದ್ಧತಿ ಬೆಳೆದರೆ ಮಾತ್ರ ಇಂಥ ಯೋಜನೆಯ ಲಾಭ ಗಿರಾಕಿಗೆ ತಲುಪುತ್ತದೆ.

ಚೀಟಿಯಿಲ್ಲದ ಔಷಧದ ಹಾನಿ

ಮನುಷ್ಯರಿಗೆ ನಿರಪಾಯವೆನಿಸುವ ಔಷಧ ಪ್ರಾಣಿಗೆ ವಿಷವಾಗಬಹುದು. ಮನೆಮನೆಯಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕ. ಅದನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮತ್ತು ಮೂತ್ರಪಿಂಡದ ವೈಫಲ್ಯವನ್ನು ಉಂಟುಮಾಡಬಲ್ಲದು. ನಾಯಿಯ ಉಣ್ಣೆಗೆ ಬಳಸುವ ಪರ್ಮೆಥ್ರಿನ್ ಬೆಕ್ಕಿಗೆ ತಗುಲಿದರೆ ನಡುಕ ಮತ್ತು ಸೆಳವು ಬರುತ್ತವೆ. ದನಗಳಿಗೆ ಧಾರಾಳವಾಗಿ ಕೊಡುವ ಐವರ್‌ಮೆಕ್ಟಿನ್ ಕಾಲಿ ಮುಂತಾದ ಕೆಲವು ತಳಿಯ ನಾಯಿಗಳ ಮೆದುಳಿಗೆ ಹಾನಿ ಮಾಡುತ್ತದೆ.

ಹಾನಿಯು ಒಂದು ಪ್ರಾಣಿಗೇ ನಿಲ್ಲುವುದಿಲ್ಲ. ಜೀವಿರೋಧಕವನ್ನು ಅರ್ಧಕ್ಕೆ ನಿಲ್ಲಿಸಿದರೆ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗುತ್ತವೆ. ನಾಯಿ ಇರುವ ಅನೇಕ ಮನೆಗಳಲ್ಲಿ ಹಸುವೂ ಇದೆ, ಅದರ ಹಾಲು ಸಂಘಕ್ಕೆ ಹೋಗುತ್ತದೆ. 2012ರ ಅಧಿಸೂಚನೆಯಂತೆ ಆಹಾರ ನೀಡುವ ಪ್ರಾಣಿಗಳ ಔಷಧದ ಮೇಲೆ, ಔಷಧ ಕೊಟ್ಟ ಬಳಿಕ ಎಷ್ಟು ದಿನ ಹಾಲು ಮಾಂಸಗಳನ್ನು ಬಳಸಬಾರದೆಂಬ ಅವಧಿಯನ್ನು ಮುದ್ರಿಸಬೇಕು. ದೃಢಪಟ್ಟ ಅವಧಿ ಇಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ. ನಾಯಿಗೆಂದು ಕೊಂಡು ಉಳಿದ ಔಷಧವನ್ನು ಹಸುವಿಗೆ ಕೊಟ್ಟರೆ ಈ ಎಚ್ಚರಿಕೆಗಳೆಲ್ಲ ವ್ಯರ್ಥವಾಗುತ್ತವೆ.

ಹೆಗ್ಗಡದೇವನಕೋಟೆಯವರಿಗೆ ಇನ್ನೊಂದು ಹೊಣೆಯೂ ಇದೆ. ಕಬಿನಿ ಹಿನ್ನೀರು, ನಾಗರಹೊಳೆ ಮತ್ತು ಬಂಡೀಪುರದ ಕಾಡುಗಳಲ್ಲಿ ರಣಹದ್ದುಗಳು ಇನ್ನೂ ಉಳಿದಿವೆ. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ ಎಂಬುದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಖಚಿತವಾಯಿತು. ಭಾರತ ಸರ್ಕಾರವು 2006ರಲ್ಲಿ ಪ್ರಾಣಿಗಳಿಗಾಗಿ ಇದರ ತಯಾರಿಕೆಯನ್ನು ನಿಲ್ಲಿಸುವ ಕ್ರಮ ಕೈಗೊಂಡು, 2008ರಲ್ಲಿ ಪ್ರಾಣಿಗಳ ಬಳಕೆಗೆ ಮಾರಾಟವನ್ನೂ ನಿಷೇಧಿಸಿತು. ಮನುಷ್ಯರ ಡೈಕ್ಲೋಫೆನಾಕ್ ದೊಡ್ಡ ಶೀಶೆಗಳಲ್ಲಿ ದನಗಳಿಗೆ ಹೋಗುತ್ತಿದ್ದುದರಿಂದ 2015ರಲ್ಲಿ ಅದರ ಚುಚ್ಚುಮದ್ದನ್ನು 3 ಮಿ.ಲೀ. ಒಂದು ಸಲದ ಪೊಟ್ಟಣಕ್ಕೆ ಸೀಮಿತಗೊಳಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಔಷಧಗಳನ್ನೂ ಪ್ರಾಣಿಗಳಿಗೆ ನಿಷೇಧಿಸಲಾಯಿತು. ಮನುಷ್ಯರಿಗಾಗಿ ಇವು ಅಂಗಡಿಗಳಲ್ಲಿ ಈಗಲೂ ಇವೆ. ಬಾಯಿಮಾತಿನಲ್ಲಿ ಕೇಳಿದವನಿಗೆ ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೆಂದು ತಿಳಿಯದು. ಪ್ರಾಣಿಯ ಮಾಲೀಕರ ಹೆಸರಿರುವ ಚೀಟಿಯೊಂದೇ ಇದನ್ನು ತಡೆಯಬಲ್ಲದು. ರಣಹದ್ದುಗಳಿಗೆ ಸುರಕ್ಷಿತವೆಂದು ಕಂಡುಬಂದ ಮೆಲಾಕ್ಸಿಕಾಮ್‌ನಂಥ ಪರ್ಯಾಯವನ್ನು ಪಶುವೈದ್ಯರು ಬರೆಯುತ್ತಾರೆ.

ಔಷಧ ಮಾರುವ ವರ್ತಕರ ಗಮನಕ್ಕೆ

ಪಶು ಆಹಾರ, ರಸಗೊಬ್ಬರ ಮತ್ತು ಬೀಜ ಮಾರುವ ಕೆಲವು ಅಂಗಡಿಗಳಲ್ಲಿ ಪ್ರಾಣಿಗಳ ಔಷಧವನ್ನೂ ಇಡಲಾಗುತ್ತಿದೆ. ಪೊಟ್ಟಣದ ಮೇಲೆ ಪ್ರಾಣಿಯ ತಲೆಯ ಚಿಹ್ನೆ ಮತ್ತು "ಮನುಷ್ಯರ ಬಳಕೆಗಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ" ಎಂಬ ಬರಹ ಇದ್ದ ಮಾತ್ರಕ್ಕೆ ಪರವಾನಗಿಯಿಂದ ವಿನಾಯಿತಿ ಸಿಗುವುದಿಲ್ಲ. ಅದೂ ಔಷಧವೇ. ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿಯೇ ಕೊಡಬೇಕು. ಪರವಾನಗಿ ಇಲ್ಲದೆ ಮಾರಿದವರಿಗೆ 2008ರಲ್ಲಿ ತಿದ್ದುಪಡಿಯಾದ ಕಾಯ್ದೆಯ 27ನೆಯ ಪ್ರಕರಣದಲ್ಲಿ ಮೂರರಿಂದ ಐದು ವರ್ಷಗಳ ಸೆರೆವಾಸ ಮತ್ತು ಕನಿಷ್ಠ ಒಂದು ಲಕ್ಷ ರೂಪಾಯಿ ಅಥವಾ ವಶಪಡಿಸಿಕೊಂಡ ಔಷಧದ ಮೌಲ್ಯದ ಮೂರು ಪಟ್ಟು, ಇವುಗಳಲ್ಲಿ ಹೆಚ್ಚಿನದಕ್ಕೆ ಕಡಿಮೆಯಿಲ್ಲದ ದಂಡವನ್ನು ವಿಧಿಸಲಾಗಿದೆ. ಕೆಲವು ನೂರು ರೂಪಾಯಿಗಳ ಲಾಭಕ್ಕಾಗಿ ಇಷ್ಟು ದೊಡ್ಡ ಅಪಾಯವನ್ನು ತಲೆಯ ಮೇಲೆ ಎಳೆದುಕೊಳ್ಳುವುದು ವಿವೇಕವಲ್ಲ.

ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡಬೇಕು. ವಿದ್ಯುತ್ ಕಡಿತದ ದಿನಗಳಲ್ಲಿ ಶೀತಕಕ್ಕೆ ಬದಲಿ ವ್ಯವಸ್ಥೆ ಇಲ್ಲದವರು ಲಸಿಕೆಯ ವ್ಯಾಪಾರಕ್ಕೆ ಕೈಹಾಕದಿರುವುದೇ ಉತ್ತಮ. ಕೆಟ್ಟ ಲಸಿಕೆ ನೋಡಲು ಒಳ್ಳೆಯ ಲಸಿಕೆಯಂತೆಯೇ ಇರುತ್ತದೆ, ಆದರೆ ರಕ್ಷಣೆ ಕೊಡದು. ರೇಬೀಸಿನ ವಿಷಯದಲ್ಲಿ ಅದರ ಬೆಲೆ ಮನುಷ್ಯನ ಪ್ರಾಣವಾಗಬಹುದು.

ಅನುಸರಿಸಬೇಕಾದ ಕ್ರಮ ಸರಳವಾಗಿದೆ. ಪ್ರಾಣಿ ಸಾಕುವವರು ತೂಕ ಬರೆದುಕೊಂಡು ವೈದ್ಯರಲ್ಲಿಗೆ ಹೋಗಿ, ಸಹಿ, ದಿನಾಂಕ, ಒಟ್ಟು ಪ್ರಮಾಣಗಳುಳ್ಳ ಚೀಟಿಯನ್ನು ಪಡೆಯಬೇಕು. ಅಂಗಡಿಯಲ್ಲಿ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಮತ್ತು ಬೆಲೆಯನ್ನು ನೋಡಿ ರಶೀದಿ ಪಡೆಯಬೇಕು. ಚೀಟಿ ಮತ್ತು ರಶೀದಿಗಳನ್ನು ಒಟ್ಟಿಗೆ ಸೇರಿಸಿ ಇಡಬೇಕು. ಔಷಧ ಮಾರುವವರು ಚೀಟಿಯಿಲ್ಲದೆ ಬಂದ ಗಿರಾಕಿಯನ್ನು ಸೌಜನ್ಯದಿಂದ ವೈದ್ಯರಲ್ಲಿಗೆ ಕಳುಹಿಸಬೇಕು. ಒಂದು ಅಂಗಡಿಯವರು ಹೀಗೆ ಮಾಡಿ ಪಕ್ಕದವರು ಮಾಡದಿದ್ದರೆ ನಿಯಮ ಪಾಲಿಸಿದವರಿಗೇ ನಷ್ಟ. ಆದುದರಿಂದ ತಾಲ್ಲೂಕಿನ ಔಷಧ ವರ್ತಕರು ಒಟ್ಟಾಗಿ ಕುಳಿತು ಈ ವಿಷಯದಲ್ಲಿ ಒಂದೇ ನಡವಳಿಕೆಗೆ ಬರುವುದು ಅಗತ್ಯ. ಸರಕು ಸಾಗಣೆಯ ಚೀಟಿ ಇಲ್ಲದೆ ಒಂದು ಮೂಟೆ ಅಕ್ಕಿಯನ್ನೂ ಹೊರಗೆ ಕಳುಹಿಸದ ವರ್ತಕರು, ತಮ್ಮ ಉಗ್ರಾಣವನ್ನು ಕಾಯುವ ಪ್ರಾಣಿಯ ಔಷಧಕ್ಕೂ ಅಷ್ಟೇ ಶಿಸ್ತನ್ನು ಅನ್ವಯಿಸಿದರೆ ಸಾಕು.